ಮಧ್ಯಾಹ್ನ ಮೂರಕ್ಕೆ ತೋರಿಸಿದ ಮನೆ

“ಪಶ್ಚಿಮಕ್ಕೆ ಕಿಟಕಿ ಇರೋ ಮನೇನ ನೀವೆಲ್ಲ ಎಷ್ಟು ಹೊತ್ತಿಗೆ ತೋರಿಸ್ತೀರಿ?” ಎಂದು ಮೇಷ್ಟ್ರು ಮೊದಲ ತರಗತಿಯಲ್ಲೇ ಕೇಳಿಬಿಟ್ಟರು.

ಕೂತಿದ್ದವರೆಲ್ಲ ಮನೆ ಮಾರಿ ಪಳಗಿದ ಏಜೆಂಟರು. ಬಾಯಿ ಬಿಟ್ಟರೆ ಸೋರುವ ಚಾವಣಿಯನ್ನೂ ಹೊಗಳಿ ಒಪ್ಪಿಸುವ ಜನ. ಈಗ ಒಬ್ಬರಿಗೆ ತಮ್ಮ ಪೆನ್ನಿನ ಮುಚ್ಚಳದ ಮೇಲೆ ವಿಪರೀತ ಕುತೂಹಲ ಹುಟ್ಟಿತು, ಇನ್ನೊಬ್ಬರಿಗೆ ಯಾರಿಗೋ ಫೋನ್ ಮಾಡುವುದು ನೆನಪಾಯಿತು.

ಹಿಂದಿನ ಸಾಲಿನಿಂದ ಹೆಣ್ಣುದನಿಯೊಂದು ಬಂತು. “ಬೆಳಗ್ಗೆ ಸರ್. ತಿಂಡಿ ಆದ ಕೂಡಲೇ.”

“ಯಾಕೆ?”

“ಮಧ್ಯಾಹ್ನ ಕರ್ಕೊಂಡು ಹೋದ್ರೆ ಒಳಗೆ ಕಾವಲಿ ಥರ ಕಾದಿರುತ್ತೆ. ಯಾರು ತಗೋತಾರೆ ಹೇಳಿ?”

ಇಡೀ ತರಗತಿ ಗೊಳ್ಳೆಂದಿತು. ಮೇಷ್ಟ್ರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ಇಷ್ಟು ವರ್ಷದಿಂದ ಇದೇ ಪ್ರಶ್ನೆ ಕೇಳ್ತಿದ್ದೀನಿ. ನಿಜ ಹೇಳಿದ ಏಜೆಂಟನ್ನ ಇವತ್ತೇ ನೋಡಿದ್ದು” ಎಂದರು. ಕನ್ನಡಕ ಹಾಕಿಕೊಂಡು ಅವಳತ್ತ ಇನ್ನೊಮ್ಮೆ ನೋಡಿದರು. ಆ ಎರಡನೇ ನೋಟಕ್ಕೂ ಪಾಠಕ್ಕೂ ಏನೇನೂ ಸಂಬಂಧವಿರಲಿಲ್ಲ. ಅದು ಅವಳ ಗಮನಕ್ಕೆ ಬಾರದೆ ಇರಲಿಲ್ಲ. ಕೊಳ್ಳಲು ಬಂದವರು ಯಾವ ಕೋಣೆಗೆ ಎರಡು ಸಲ ಹೋಗಿ ಬರುತ್ತಾರೆಂದು ನೋಡಿಕೊಳ್ಳುವುದೇ ಅವಳ ಕಸುಬು.

ಮನೆಯಲ್ಲೂ ಆಫೀಸಿನಲ್ಲೂ ಅವಳು ಪುಟ್ಟಿ. ಮೂವತ್ತು ದಾಟಿದರೂ ಪುಟ್ಟಿಯೇ. ಸೋದರಮಾವ ಇರುವವರೆಗೂ ಆ ಹೆಸರಿನಿಂದ ಬಿಡುಗಡೆಯಿಲ್ಲ. ಮನೆ ಕೊಡಿಸುವ ಆಫೀಸು ಮಾವನದು. ಗಿರಾಕಿಗಳನ್ನು ಮಾತಿನಲ್ಲೇ ಕಟ್ಟಿಹಾಕುವ ಈ ಮನುಷ್ಯ ಒಂದು ದಿನ ಎಡವಿಬಿಟ್ಟಿದ್ದರು. ಅಪಾರ್ಟ್‌ಮೆಂಟ್ ನೋಡಲು ಬಂದ ಹೆಂಗಸು “ಇದು ಗ್ರೀನ್ ಬಿಲ್ಡಿಂಗಾ?” ಎಂದು ಕೇಳಿದ್ದಕ್ಕೆ, “ಅದಕ್ಕೇನಮ್ಮ, ನಿಮಗೆ ಬೇಕಾದ್ರೆ ಹಸಿರು ಪೇಂಟ್ ಹೊಡೆಸಿ ಕೊಡೋಣ” ಎಂದಿದ್ದರು. ಆಕೆ ಚೀಲ ಎತ್ತಿಕೊಂಡು ಎದ್ದು ಹೋದರು. ಅಂದೇ ಸಂಜೆ ಮಾವ ಸೋದರಸೊಸೆಯನ್ನು, ಕರೆಂಟು, ನೀರು ಉಳಿಸುವಂತೆ ಕಟ್ಟಿದ ‘ಗ್ರೀನ್’ ಮನೆಗಳ ಬಗೆಗಿನ ಈ ಕೋರ್ಸಿಗೆ ಸೇರಿಸಿದರು. “ನನ್ನ ತಲೆಗೆ ಇನ್ನು ಏನೂ ಹತ್ತಲ್ಲ. ನೀನೇ ಕಲಿತು ಬಾ” ಎಂದು ಅಪ್ಪಣೆಯಾಯಿತು.

ಮುಖ ಸೊಟ್ಟ ಮಾಡಿಕೊಂಡು ಹೋದ ಪುಟ್ಟಿಗೆ ಪಾಠದ ರುಚಿ ಹತ್ತಿತು. ಗಾಳಿ ಒಂದು ಕಿಟಕಿಯಲ್ಲಿ ಒಳಗೆ ಬರಬೇಕಾದರೆ ಎದುರಿಗೆ ಇನ್ನೊಂದರಲ್ಲಿ ಹೊರಗೆ ಹೋಗಲು ದಾರಿ ಬೇಕು. ಕಿಟಕಿಯ ಮೇಲೆ ಬಿಸಿಲು ತಡೆಯುವ ಅಗಲವಾದ ಸಜ್ಜೆ ಇದ್ದರೆ ಎ.ಸಿ. ಅರ್ಧ ದಿನ ಸುಮ್ಮನಿರುತ್ತದೆ. ಚಾವಣಿಯ ಮಳೆನೀರನ್ನು ಚರಂಡಿಗೆ ಬಿಟ್ಟು ಟ್ಯಾಂಕರ್‌ಗೆ ಕಾಯುವುದು ದಡ್ಡತನ. ಇಷ್ಟು ವರ್ಷ ತಾನು ಮಾತಿನಿಂದ ಮುಚ್ಚಿಡುತ್ತಿದ್ದುದನ್ನೆಲ್ಲ ಯಾರೋ ಬಿಡಿಸಿ ಹೇಳಿದಂತಾಗಿ ಅವಳಿಗೆ ಹಾಯೆನಿಸಿತು. ಹೇಳುವವರು ಹೇಳುತ್ತಿದ್ದ ರೀತಿಯೂ ಹಾಗೇ ಇತ್ತು. ಮೇಷ್ಟ್ರಿಗೆ ಸಿಟ್ಟು ಬರುತ್ತಿರಲಿಲ್ಲ, ನಗು ಬರುತ್ತಿತ್ತು. ನಕ್ಕಾಗ ಎಡಗಡೆ ಕೆನ್ನೆಯಲ್ಲಿ ಮಾತ್ರ ಒಂದು ಗುಳಿ ಬೀಳುತ್ತಿತ್ತು. ಬಲಗಡೆ ಯಾಕೆ ಬೀಳುವುದಿಲ್ಲವೆಂದು ಯೋಚಿಸುತ್ತ ಅವಳು ಒಂದಿಡೀ ಪಾಠವನ್ನು ಕಳೆದುಕೊಂಡಳು.

ಕೊನೆಯ ದಿನ ಸರ್ಟಿಫಿಕೇಟ್ ಕೊಡುವಾಗ ಮೇಷ್ಟ್ರು ಅದರ ಒಂದು ತುದಿಯನ್ನು ಬಿಡಲೇ ಇಲ್ಲ. ಇನ್ನೊಂದು ತುದಿಯನ್ನು ಅವಳೂ ಎಳೆಯಲಿಲ್ಲ. ಹಿಂದೆ ನಿಂತ ಏಜೆಂಟ್ ಕೆಮ್ಮಿದ ಮೇಲೆ ಇಬ್ಬರೂ ಒಟ್ಟಿಗೆ ಬಿಟ್ಟರು. ಸರ್ಟಿಫಿಕೇಟ್ ನೆಲಕ್ಕೆ ಬಿತ್ತು.

ಮರುವಾರ ಮೇಷ್ಟ್ರು ಮಾವನ ಆಫೀಸಿನ ಬಾಗಿಲಲ್ಲಿ ನಿಂತಿದ್ದರು.

“ನನಗೊಂದು ಮನೆ ಬೇಕಿತ್ತು. ನಿಮ್ಮ ಪೈಕಿ... ಅಂದ್ರೆ, ಇವರು ನನ್ನ ಸ್ಟೂಡೆಂಟು. ಇವರೇ ತೋರಿಸಿದ್ರೆ ಒಳ್ಳೇದು.”

ಮಾವ ಮೇಷ್ಟ್ರನ್ನು ನೋಡಿದರು, ಪುಟ್ಟಿಯನ್ನು ನೋಡಿದರು, ಚಹಾ ತರಿಸಿದರು.

ಹೀಗೆ ಶನಿವಾರಗಳು ಶುರುವಾದವು. ಪುಟ್ಟಿ ಕೀಲಿಗೊಂಚಲು ಹಿಡಿದು ಮುಂದೆ, ಮೇಷ್ಟ್ರು ದಿಕ್ಸೂಚಿ ಹಿಡಿದು ಹಿಂದೆ. ಮೇಷ್ಟ್ರು ಗೋಡೆಗೆ ಅಂಗೈ ಒತ್ತಿ ಕಾವು ನೋಡುತ್ತಿದ್ದರು. ಅವಳು ಕಿಟಕಿಯಲ್ಲಿ ಟಿಶ್ಯೂ ಪೇಪರಿನ ಚೂರು ಹಿಡಿದು ಗಾಳಿ ಆಡುತ್ತದೆಯೇ ಎಂದು ಪರೀಕ್ಷಿಸುತ್ತಿದ್ದಳು. ಆಡದಿದ್ದರೆ ಮೇಷ್ಟ್ರು ಎದುರಿಗೆ ಬಂದು ಮೆಲ್ಲಗೆ ಊದುತ್ತಿದ್ದರು.

“ಮೋಸ ಸರ್ ಇದು!”

“ಮಾಲೀಕರಿಗೆ ಬೇಜಾರಾಗಬಾರದಲ್ಲ.”

ಚೂರಿನ ಆ ಕಡೆ ಅವರ ಮುಖ, ಈ ಕಡೆ ಅವಳದು. ಗಾಳಿಯಿಲ್ಲದ ಆ ಕೋಣೆಯಲ್ಲಿ ಅವಳ ಕೆನ್ನೆ ಬೆಚ್ಚಗಾದದ್ದಕ್ಕೆ ಗೋಡೆಯನ್ನು ದೂರುವಂತಿರಲಿಲ್ಲ.

ಒಂದು ಮನೆಗೆ ಗಾಜು ಜಾಸ್ತಿಯಾಯಿತು, ಇನ್ನೊಂದಕ್ಕೆ ಕಿಟಕಿ ಕಡಿಮೆಯಾಯಿತು. ಒಂದರ ಚಾವಣಿ ಕಾಯುತ್ತಿತ್ತು, ಮತ್ತೊಂದರಲ್ಲಿ ಹಗಲಲ್ಲೂ ದೀಪ ಬೇಕಿತ್ತು. ಒಂದನ್ನೂ ಒಪ್ಪದೆ ಮೇಷ್ಟ್ರು ಮೀನಮೇಷ ಎಣಿಸುತ್ತಲೇ ಇದ್ದರು. ಅವರು ಹೇಳುತ್ತಿದ್ದ ಕಾರಣಗಳೆಲ್ಲ ಅಕ್ಷರಶಃ ನಿಜ. ಅವಳಿಗೂ ಅವಸರವಿರಲಿಲ್ಲ. ಶುಕ್ರವಾರ ರಾತ್ರಿ ಸೀರೆ ಆರಿಸುವಾಗ ತನ್ನಷ್ಟಕ್ಕೇ ಹಾಡಿಕೊಳ್ಳುವ ಅಭ್ಯಾಸವೊಂದು ಅವಳಿಗೆ ಅಂಟಿಕೊಂಡಿತ್ತು.

ಕೊನೆಗೆ ಮಾವ ರೇಗಿದರು. “ಏನೇ ಪುಟ್ಟಿ, ಮನೆ ತೋರಿಸ್ತಿದ್ದೀಯೋ ಊರು ತೋರಿಸ್ತಿದ್ದೀಯೋ? ಆ ಹಸಿರು ಮೇಷ್ಟ್ರಿಗೆ ಮನೆ ಬೇಕಾ ಬೇಡ್ವಾ ಕೇಳು. ಸುಮ್ಮನೆ ನಿನ್ನನ್ನ ಅಲೆಸ್ತಿದ್ದಾರೆ.”

“ಅವರಿಗೆ ಸರಿಯಾದ ಮನೆ ಸಿಕ್ಕಿಲ್ಲ ಮಾವ.”

“ಸಿಗೋ ಹಾಗೆ ಹುಡುಕಿದ್ರೆ ತಾನೇ?”

ಆ ಮಾತು ಅವಳಿಗೆ ನಾಟಿತು. ಅದೇ ವಾರ, ಹುಡುಕದೆಯೇ, ಮನೆ ಸಿಕ್ಕಿಬಿಟ್ಟಿತು.

ಗಲ್ಲಿಯ ಕೊನೆಯಲ್ಲಿ, ಎರಡನೇ ಮಹಡಿ. ಮಾರುತ್ತಿದ್ದವರು ಮಗಳ ಮನೆಯ ಹತ್ತಿರಕ್ಕೆ ಹೊರಟಿದ್ದ ನಿವೃತ್ತ ಟೀಚರ್. ಕೂರುವ ಕೋಣೆಗೆ ಉತ್ತರದ ಕಡೆ ಉದ್ದಕ್ಕೂ ಕಿಟಕಿ. ಅದಕ್ಕೆ ಎದುರಾಗಿ ಅಡುಗೆಮನೆಯ ಬಾಗಿಲು. ಪಶ್ಚಿಮಕ್ಕೆ ಗಟ್ಟಿ ಗೋಡೆ, ಅದಕ್ಕೆ ಒರಗಿದಂತೆ ಪಕ್ಕದ ಮನೆಯವರ ಮರ. ಚಾವಣಿಯ ನೀರು ಕೆಳಗಿನ ತೊಟ್ಟಿಗೆ ಇಳಿಯುತ್ತಿತ್ತು. ಪುಟ್ಟಿ ಟಿಶ್ಯೂ ಹಿಡಿದಳು. ಅದು ಕೈಯಿಂದ ಕಿತ್ತುಕೊಂಡು ಅಡುಗೆಮನೆಗೆ ಹಾರಿಹೋಯಿತು.

ಈ ಮನೆಯಲ್ಲಿ ಕುಂದು ಹುಡುಕುವಂತಿಲ್ಲ. ಮೇಷ್ಟ್ರು ಒಪ್ಪುತ್ತಾರೆ, ಪತ್ರ ಮಾಡಿಸುತ್ತಾರೆ, ಥ್ಯಾಂಕ್ಸ್ ಹೇಳುತ್ತಾರೆ. ಆಮೇಲೆ ಶನಿವಾರ ಬಂದರೆ ಅವಳು ಯಾರಿಗೋ ಯಾವುದೋ ಮನೆಯ ಬಾಗಿಲು ತೆಗೆಯುತ್ತಿರುತ್ತಾಳೆ. ಅವರನ್ನು ಮತ್ತೆ ನೋಡಲು ಅವಳ ಬಳಿ ಒಂದು ನೆಪವೂ ಉಳಿಯುವುದಿಲ್ಲ. ಅವರ ಮನಸ್ಸಿನಲ್ಲಿ ಏನಿದೆಯೆಂದು ಕೇಳುವಷ್ಟು ಧೈರ್ಯವಂತೂ ಇಲ್ಲವೇ ಇಲ್ಲ.

ಬೇರೆ ದಂಪತಿಯೊಬ್ಬರೂ ಈ ಮನೆಯ ಬೆನ್ನು ಬಿದ್ದಿದ್ದರು. ಸುಮ್ಮನಿದ್ದರೆ ಮನೆ ತಾನಾಗಿಯೇ ಅವರ ಪಾಲಾಗುತ್ತಿತ್ತು, ಶನಿವಾರಗಳು ಅವಳ ಪಾಲಿಗೆ ಉಳಿಯುತ್ತಿದ್ದವು. ಎರಡು ದಿನ ಕೀಲಿಯನ್ನು ಚೀಲದಲ್ಲಿಟ್ಟುಕೊಂಡು ಒದ್ದಾಡಿದಳು. ತಾನು ಪ್ರೀತಿಸುವವರಿಂದ ಒಳ್ಳೆಯ ಮನೆಯನ್ನು ಬಚ್ಚಿಡುವುದಕ್ಕಿಂತ ಪಶ್ಚಿಮದ ಮನೆಯನ್ನು ಬೆಳಗ್ಗೆ ತೋರಿಸುವುದೇ ಮೇಲು ಎನಿಸಿತು. ಶನಿವಾರ ಬೆಳಗ್ಗೆ ಫೋನ್ ಮಾಡಿದಳು.

“ಮಧ್ಯಾಹ್ನ ಮೂರಕ್ಕೆ ಬನ್ನಿ ಸರ್. ಬಿಸಿಲು ನೆತ್ತಿ ಸುಡೋ ಹೊತ್ತಿಗೇ ನೋಡಿ.”

ಮೇಷ್ಟ್ರು ಬಂದರು. ಗೋಡೆ ಮುಟ್ಟಿದರು, ಕಿಟಕಿ ತೆಗೆದರು, ಸಜ್ಜೆ ಅಳೆದರು, ತೊಟ್ಟಿಯೊಳಗೆ ಇಣುಕಿದರು. ಒಂದೊಂದು ಕೋಣೆ ದಾಟಿದಾಗಲೂ ಅವರ ಮುಖ ಬಾಡುತ್ತ ಹೋಯಿತು. ಕೊನೆಗೆ ಕೂರುವ ಕೋಣೆಯ ನಡುವೆ ನಿಂತು, ಅವಳ ಮುಖ ನೋಡದೆ ಹೇಳಿದರು:

“ಬೇಡ ಬಿಡಿ. ಈ ಉತ್ತರದ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೇರ ಒಳಗೆ ನುಗ್ಗುತ್ತೆ.”

ಪುಟ್ಟಿ ಕಿಟಕಿ ನೋಡಿದಳು. ಹೊರಗೆ ರಣಬಿಸಿಲು. ಒಳಗಿನ ನೆಲದ ಮೇಲೆ ಬಿಸಿಲಿನ ಒಂದು ಚೂರೂ ಇರಲಿಲ್ಲ. ಇದ್ದದ್ದು ಹಾಲಿನಂಥ ತಣ್ಣನೆಯ ಬೆಳಕು.

“ಸರ್, ಎಲ್ಲಿದೆ ಬಿಸಿಲು?”

“ಈಗ ಇಲ್ಲ. ಆಮೇಲೆ ಬರುತ್ತೆ.”

“ಉತ್ತರದ ಕಿಟಕಿಗೆ ಎಲ್ಲಾದ್ರೂ ಮಧ್ಯಾಹ್ನದ ಬಿಸಿಲು ಬರುತ್ತಾ?” ಅವಳ ದನಿ ಏರಿತು. “ಇದೇ ಪ್ರಶ್ನೆ ನಿಮ್ಮ ಪರೀಕ್ಷೇಲಿ ಬಂದಿತ್ತು. ಹೀಗೆ ಬರೆದವರಿಗೆ ಸೊನ್ನೆ ಸುತ್ತಿದ್ರಿ!”

ಮೇಷ್ಟ್ರು ತಡವರಿಸಿದರು. “ಅದು... ಸಜ್ಜೆ ಸಾಲದು.”

“ಈಗ ತಾನೇ ನೀವೇ ಅಳತೆ ಹಿಡಿದ್ರಿ. ಪಾಠದಲ್ಲಿ ಹೇಳಿದ್ದಕ್ಕಿಂತ ಒಂದು ಗೇಣು ಜಾಸ್ತಿನೇ ಇದೆ.”

“ಗಾಳಿ...”

“ನಿಮ್ಮ ತಲೆಗೂದಲು ನೋಡ್ಕೊಳ್ಳಿ ಸರ್.”

ಮೇಷ್ಟ್ರು ಹಾರಾಡುತ್ತಿದ್ದ ಕೂದಲನ್ನು ಕೈಯಿಂದ ಅಮುಕಿ ಹಿಡಿದರು. ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ಸಿಟ್ಟು ಬಂತು. ಇದನ್ನು ತೋರಿಸಲು ತಾನೆಷ್ಟು ಗಟ್ಟಿ ಮನಸ್ಸು ಮಾಡಿಕೊಂಡಿದ್ದಳು! ಇವರಿಗೆ ಅದೆಲ್ಲ ಆಟ.

“ನಮ್ಮ ಮಾವ ಹೇಳಿದ್ದೇ ಸರಿ. ಮನೆ ಬೇಡ ಅಂದ್ರೆ ನೇರ ಹೇಳಬಹುದಿತ್ತು. ನೀವು ಕಲಿಸಿದ್ದನ್ನ ನಾನು ನಂಬಿದ್ದೀನಿ ಸರ್. ಅದನ್ನೇ ಉಲ್ಟಾ ಹೇಳಿ ನನ್ನನ್ನ ಬೆಪ್ಪು ಮಾಡಬೇಡಿ.”

ಮೇಷ್ಟ್ರು ತಲೆಯೆತ್ತಿ ಅವಳ ಮುಖ ನೋಡಿದರು. ಕೂದಲು ಹಿಡಿದಿದ್ದ ಕೈ ಕೆಳಗಿಳಿಯಿತು.

“ಬೆಪ್ಪು ನೀವಲ್ಲ, ನಾನು. ಈ ಮನೇಲಿ ಒಂದೇ ಒಂದು ತಪ್ಪಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಗೊತ್ತಾಯ್ತು. ಎಲ್ಲಾದ್ರೂ ಒಂದು ಬಿರುಕು ಸಿಗಲಪ್ಪಾ ಅಂತ ತೊಟ್ಟಿಯೊಳಗೂ ಹುಡುಕಿದೆ.”

“ಯಾಕೆ?”

“ಇದು ಒಪ್ಪಿಗೆಯಾದ್ರೆ ಮುಂದಿನ ಶನಿವಾರ ನಾನು ಏನು ಮಾಡಲಿ?”

ಅವಳು ಕೈಯಲ್ಲಿದ್ದ ಕೀಲಿಗೊಂಚಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ನನಗೆ ನೀವು ಬೇಕು” ಎಂದರು ಮೇಷ್ಟ್ರು. “ಮೊದಲ ದಿನ ನೀವು ‘ಬೆಳಗ್ಗೆ ಸರ್’ ಅಂದ್ರಲ್ಲ, ಆವಾಗಿನಿಂದ. ಹೇಳೋಕೆ ಧೈರ್ಯ ಸಾಲದೆ ಮನೆ ಕೇಳ್ಕೊಂಡು ಬಂದೆ. ನಿಮಗೆ ಇಷ್ಟ ಇಲ್ಲ ಅಂದ್ರೆ ಈಗಲೇ ಹೇಳಿಬಿಡಿ. ಮನೆ ತಗೊಂಡು ತೆಪ್ಪಗೆ ಹೋಗ್ತೀನಿ.”

“ಈ ಮನೆ ಕೀಲಿ ನನ್ನ ಹತ್ರ ಗುರುವಾರದಿಂದ ಇದೆ” ಎಂದಳು ಪುಟ್ಟಿ. ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. “ನಿಮಗೆ ತೋರಿಸಬಾರದು ಅಂತ ಎರಡು ದಿನ ಒದ್ದಾಡಿದ್ದೀನಿ. ಅದೂ ಈ ಶನಿವಾರಗಳಿಗೋಸ್ಕರಾನೇ.”

ಮೇಷ್ಟ್ರ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಈ ಸಲ ಅವಳು ಕದ್ದು ನೋಡದೆ, ಎದುರಿಗೇ ನಿಂತು ಮನಸಾರೆ ನೋಡಿದಳು.

“ಹಾಗಾದ್ರೆ ಏಜೆಂಟಾಗಿ ಅಲ್ಲ, ನಿಮ್ಮದೇ ಮನೆ ಅಂದ್ಕೊಂಡು ಇನ್ನೊಂದು ಸಲ ನೋಡಿ. ನಿಮಗೆ ಹಿಡಿಸುತ್ತಾ?” ಎಂದರು.

ಅವಳು ಲೆಕ್ಕವಿಲ್ಲದಷ್ಟು ಬಾಗಿಲು ತೆಗೆದಿದ್ದಳು. ಯಾವ ಹೊಸ್ತಿಲಲ್ಲೂ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. ಪುಟ್ಟಿ ಚಪ್ಪಲಿ ಕಳಚಿ ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಡೆದಳು. ಒಂದು ಬೀರು ತೆಗೆದು ಮುಚ್ಚಿದಳು. ಮರದ ಕಡೆಯ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅಡುಗೆಮನೆಗೆ ಹೋಗಿ ಕಟ್ಟೆಯ ಮೇಲೆ ಕೈಯಿಟ್ಟು ಹುಬ್ಬು ಗಂಟು ಹಾಕಿದಳು.

“ಕಟ್ಟೆ ನನಗೆ ಎತ್ತರ ಜಾಸ್ತಿ.”

“ನನಗೆ ಸರಿಯಾಗಿದೆ” ಎಂದರು ಬಾಗಿಲಲ್ಲಿ ನಿಂತ ಮೇಷ್ಟ್ರು. “ಅಡುಗೆ ಮಾಡೋನು ನಾನು ತಾನೇ?”

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಮಾವ.

“ಏನಾಯ್ತೇ? ಆ ದಂಪತಿ ಆಗ್ಲಿಂದ ನನ್ನ ತಲೆ ತಿಂತಿದ್ದಾರೆ. ಮನೆ ಇದೆಯಾ, ಹೋಯ್ತಾ?”

“ಹೋಯ್ತು ಮಾವ.”

“ಯಾರಿಗೆ?”

ಪುಟ್ಟಿ ಮೇಷ್ಟ್ರನ್ನು ನೋಡಿದಳು.

“ನಮಗೆ.”

ಮಾವ ಗಂಟಲು ಸರಿಮಾಡಿಕೊಂಡು, “ಫೋನ್ ಮೇಷ್ಟ್ರ ಕೈಗೆ ಕೊಡು” ಎಂದರು.