ಹನ್ನೊಂದು ನಲವತ್ತೆರಡರ ಇಬ್ಬರು

೨೦೦೩ರ ಜುಲೈ ೧೪, ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಹಜೀರಾದ ಎಂಜಿನಿಯರ್ ಕಿಶೋರ್ ವಡೋದರದ ಅಲ್ಕಾಪುರಿಯ ಠಾಣೆಗೆ ಬಂದ. ಭಾವಿ ಮಾವನ ಮನೆಗೆ ಹೆಸರಿಲ್ಲದ ಪತ್ರ ಬಂದಿತ್ತು: ಹುಡುಗನಿಗೆ ಎಚ್‌ಐವಿ ಇದೆ, ಮದುವೆ ನಿಲ್ಲಿಸದಿದ್ದರೆ ಎಲ್ಲರಿಗೂ ಹೇಳುತ್ತೇವೆ.

"ರಕ್ತ ಎಲ್ಲಿ ಕೊಟ್ಟಿದ್ರಿ?" ಇನ್ಸ್‌ಪೆಕ್ಟರ್ ಹಯವದನ ಕೇಳಿದರು. ರೈಲ್ವೆ ನೌಕರರ ಮಗನಾಗಿ ಈ ಊರಲ್ಲೇ ಬೆಳೆದವರು.

"ಇಲ್ಲೇ ಲ್ಯಾಬಲ್ಲಿ ಸಾರ್. ಇಂಟರ್ನೆಟ್‌ನಲ್ಲಿ ದುಡ್ಡು ಕಟ್ಟಿದ್ರೆ ಹೆಸರು ಯಾರಿಗೂ ಗೊತ್ತಾಗಲ್ಲ ಅಂದಿದ್ರು. ನನ್ನ ರಿಪೋರ್ಟಲ್ಲಿ ಏನೂ ಇಲ್ಲ. ಆದ್ರೆ ಅದರ ಮೇಲೆ ಹೆಸರೇ ಇಲ್ಲ, ನಂದು ಅಂತ ಅವರು ನಂಬ್ತಿಲ್ಲ, ಮದುವೆ ಬೇಡ ಅಂದ್ಬಿಟ್ರು."

ಎಫ್‌ಐಆರ್ ದಾಖಲಾಯಿತು.

ಲ್ಯಾಬಿನ ಸಾಫ್ಟ್‌ವೇರ್ ಬರೆದ ಬಾಲಚಂದ್ರ ಮೂರು ದಿನವೂ ಒಂದೇ ಮಾತು ಹೇಳಿದ. "ಹಣದ ಪಟ್ಟಿಯಲ್ಲಿ ಹೆಸರಿದೆ, ಪರೀಕ್ಷೆ ಇಲ್ಲ. ಪರೀಕ್ಷೆ ಪಟ್ಟಿಯಲ್ಲಿ ಬರೀ ನಂಬರ್. ಎರಡನ್ನೂ ಜೋಡಿಸೋ ಕೀಲಿ, ಅಂದ್ರೆ ಪಾಸ್‌ವರ್ಡ್, ರಕ್ತ ಕೊಟ್ಟವರ ಹತ್ರ ಮಾತ್ರ. ನನ್ನಿಂದಲೂ ಆಗಲ್ಲ."

"ಮತ್ತೆ ಪತ್ರ ಬರೆದವರಿಗೆ?"

"ಸಾಧ್ಯವೇ ಇಲ್ಲ ಸಾರ್."

ಗಾಂಧಿನಗರದಿಂದ ಬಂದ ಕಂಪ್ಯೂಟರ್ ತಜ್ಞರೂ ಸಾಫ್ಟ್‌ವೇರಿನ ಬೀಗ ಯಾರೂ ಮುರಿದಿಲ್ಲವೆಂದು ಬರೆದುಕೊಟ್ಟು ಹೋದರು. ಹಯವದನರಿಗೆ ತಲೆ ಚಿಟ್ಟು ಹಿಡಿಯಿತು. ಮುರಿಯದ ಬೀಗದ ಒಳಗಿಂದ ಒಬ್ಬನ ಮದುವೆ ಮುರಿದಿತ್ತು.

೧೯ರ ಮಧ್ಯಾಹ್ನ, ಬೇರೇನೂ ತೋಚದೆ, ಎರಡೂ ಪಟ್ಟಿಗಳ ಪ್ರಿಂಟನ್ನು ಲ್ಯಾಬಿನ ಕಡತದಿಂದ ತೆಗೆಸಿ ಮೇಜಿನ ಮೇಲೆ ಹರಡಿದರು. ಹಣ ಕಟ್ಟಿದ ನಿಮಿಷಕ್ಕೇ ಪರೀಕ್ಷೆಯ ನಂಬರೂ ಸಿಗುತ್ತಿತ್ತು; ಎರಡು ಪಟ್ಟಿಯಲ್ಲೂ ಆ ಸಮಯ ಅಚ್ಚಾಗಿತ್ತು. ಕಿಶೋರ್ ಹಣ ಕಟ್ಟಿದ್ದು ಜೂನ್ ೬ರ ೧೧.೪೨ಕ್ಕೆ. ಅದೇ ೧೧.೪೨ರ ನಂಬರೊಂದರ ಮುಂದೆ 'ಪಾಸಿಟಿವ್'. ಎರಡರ ಪಕ್ಕದಲ್ಲೂ ಪೆನ್ಸಿಲ್ ಗುರುತು.

"ಈ ಎರಡೂ ಕಾಗದ ಯಾರ ಕೈಗೆ ಹೋಗ್ತವೆ?"

ಬಾಲಚಂದ್ರ ಎರಡೂ ಸಮಯಗಳ ಮೇಲೆ ಬೆರಳಿಟ್ಟ. "ಆಫೀಸಿನ ತಾರಾ ಮೇಡಂಗೆ. ಟೈಮ್ ಅಚ್ಚಾಗೋದನ್ನ ನಾನು ಯೋಚಿಸಲೇ ಇಲ್ಲ."

ತಾರಾಳ ಮೇಜಿನ ಖಾನೆಯಲ್ಲಿ ಪತ್ರದ ಪ್ರತಿ ಸಿಕ್ಕಿತು. ಪಂಚನಾಮೆಗೆ ಹೆಡ್ ಕಾನ್‌ಸ್ಟೇಬಲ್ ವಸಾವಾ ಪಂಚರ ಸಹಿ ಹಾಕಿಸಿಕೊಂಡ. ಕನ್ನಡ ಸಂಘದಲ್ಲಿ ಕಿಶೋರನ ನಿಶ್ಚಿತಾರ್ಥದ ಊಟ ಉಂಡಿದ್ದ ತಾರಾ ಯಾವುದನ್ನೂ ಅಲ್ಲಗಳೆಯಲಿಲ್ಲ.

"ನಮ್ಮಕ್ಕ ರುಕ್ಮಿಣಿಗೆ ಯಾರೂ ಹೇಳಿರಲಿಲ್ಲ ಸಾರ್. ಗಂಡ ಮುಚ್ಚಿಟ್ಟ. ಮೂರೇ ವರ್ಷಕ್ಕೆ ಹೋದ್ಳು. ಇನ್ನೊಂದು ಹುಡುಗಿಗೆ ಹಾಗಾಗಬಾರದು ಅಂತ ಬರೆದೆ."

"ಆ ನಿಮಿಷದಲ್ಲಿ ದುಡ್ಡು ಕಟ್ಟಿದ್ದು ಇಬ್ಬರು, ನಂಬರೂ ಎರಡು. ನೀವು ಒಂದೇ ಹೆಸರು ನೋಡಿದ್ದೀರಿ. ಕಿಶೋರ್ ನಮ್ಮೆದುರೇ ತನ್ನ ಕೀಲಿಯಿಂದ ರಿಪೋರ್ಟ್ ತೆರೆದ. ಅವನದು ಇನ್ನೊಂದು ನಂಬರ್."

 ಸಂಜೆ ಐದೂವರೆಗೆ ತಾರಾ ಬಂಧನದ ಕಾಗದಕ್ಕೆ ಸಹಿ ಮಾಡಿ, ತಲೆಯೆತ್ತಿ ಕೇಳಿದಳು: "ಆ ಇನ್ನೊಬ್ಬರಿಗೆ ಮದುವೆ ಆಗಿದೆಯಾ ಸಾರ್?"

ಆ ಹೆಸರು ಹಯವದನರ ಕಣ್ಣೆದುರೇ ಇತ್ತು, ಚಾಂದ್‌ಖೇಡಾದ ವಿಳಾಸದ ಸಮೇತ. ವಿಚಾರಿಸಲು ಕಾನೂನಿನಲ್ಲಿ ದಾರಿಯಿರಲಿಲ್ಲ. ಹಣದ ಪಟ್ಟಿಯ ಆ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿ ಕೇಸಿನ ಕಡತಕ್ಕೆ ನಕಲು ಮಾಡಿಸಿದರು. ಮೂಲ ಪ್ರತಿಯನ್ನು ನ್ಯಾಯಾಧೀಶರಿಗೆ ಮಾತ್ರವೆಂದು ಬರೆದು ಲಕೋಟೆಗೆ ಅರಗು ಹಾಕಿದರು.