ಗುಡಿಸಿದ ಹೆಜ್ಜೆ

"ಆ ಕೊಂಬೆ ಕೆಳಗೆ ಹಾಕು."

ಒಟೆಂಗ್ ಬೆಚ್ಚಿ ತಿರುಗಿದ. ಕೈಯಲ್ಲಿ ಎಲೆ ತುಂಬಿದ ಮೊಪಾನೆ ಮರದ ಕೊಂಬೆ. ಅವನ ಹಿಂದೆ ಮರಳ ಮೇಲೆ ಒಂದು ಹೆಜ್ಜೆಗುರುತೂ ಇರಲಿಲ್ಲ. ಹಬ್ಬಕ್ಕೆ ಅಂಗಳ ಗುಡಿಸಿಟ್ಟ ಹಾಗಿತ್ತು.

ಓಕವಾಂಗೋ ನದಿಯ ಜೊಂಡಿನ ಮೇಲೆ ಸೂರ್ಯ ಆಗಷ್ಟೇ ಹತ್ತುತ್ತಿದ್ದ. ಅವನನ್ನು ಕೂಗಿ ತಡೆದ ಗೊರಾತಾ ಆ ಗುಡಿಸಿದ ಮರಳನ್ನೇ ನೋಡಿದಳು. ಪ್ರಾಣಿಗಳ ಹೆಜ್ಜೆ ಹುಡುಕಿ ಪ್ರವಾಸಿಗರಿಗೆ ತೋರಿಸುವುದು ಇವನ ಕೆಲಸ. ಅದನ್ನು ಅಳಿಸುವವರು ಯಾರು? ಕಳ್ಳಬೇಟೆಯವರು... ಮತ್ಯಾರು?

ಈ ಸಫಾರಿ ಶಿಬಿರ ಊರಿನದು. ಬೇಟೆ ಬಿಟ್ಟು ಕಾಡು ಕಾಯುತ್ತೇವೆಂದು ಸರ್ಕಾರಕ್ಕೆ ಮಾತು ಕೊಟ್ಟು ಗುತ್ತಿಗೆಗೆ ಪಡೆದದ್ದು. ಒಂದು ಪ್ರಾಣಿ ಕಾಣೆಯಾದರೂ ಗುತ್ತಿಗೆ ಹೋಗುತ್ತದೆ, ಊರಿನ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಶಿಬಿರ ನೋಡಿಕೊಳ್ಳುವವಳು ಗೊರಾತಾ. ಅವಳನ್ನು ಸಾಕಿದ ಸೋದರಮಾವ ಮೊಸೆಕಿ ಊರಿನ ಮುಖಂಡ. ಇನ್ನು ಈ ಒಟೆಂಗ್... ಸಂಜೆ ಬೆಂಕಿಯ ಸುತ್ತ ಕೂತಾಗ ಅವಳ ಲೋಟಕ್ಕೇ ಮೊದಲು ಚಹಾ ಸುರಿಯುವವನು.

"ಯಾರಿಗೋಸ್ಕರ ಅಳಿಸ್ತಿದ್ದೀಯ?"

"ಅದೊಂದು ಕೇಳ್ಬೇಡ, ಗೊರಾತಾ."

"ರೇಡಿಯೋದಲ್ಲಿ ದಿನಾ 'ಉತ್ತರಕ್ಕೆ ಏನೂ ಇಲ್ಲ, ಬರಬೇಡಿ' ಅಂತೀಯಲ್ಲ. ಅದೂ ಸುಳ್ಳಾ?"

"ಸುಳ್ಳೇ."

ಎಷ್ಟು ಸಲೀಸಾಗಿ ಒಪ್ಪಿಕೊಂಡ... ಹಾಗಾದರೆ ಆ ಚಹಾ, ಆ ನಗು?

"ಯಾರಿಗೂ ಹೇಳೋ ಹಾಗಿಲ್ಲ," ಎಂದ ಅವನು. "ನಿನಗಂತೂ ಆಗೋದೇ ಇಲ್ಲ."

ಆ ಮಾತು ಅವಳಿಗೆ ಚುಚ್ಚಿತು. ರೇಡಿಯೋ ಎತ್ತಿಕೊಂಡಳು. "ಮಾವ, ಉತ್ತರದ ಹುತ್ತದ ಹತ್ರ ಬನ್ನಿ. ಕಳ್ಳ ಸಿಕ್ಕಿದ್ದಾನೆ."

"ಅಯ್ಯೋ, ಅವರನ್ನ ಯಾಕೆ ಕರೆದೆ?" ಒಟೆಂಗ್ ತಲೆ ಹಿಡಿದುಕೊಂಡು ಕೂತುಬಿಟ್ಟ.

ಆಗ ಪೊದೆ ಅಲುಗಿತು. ಚಿಪ್ಪುಹಂದಿಯೊಂದು ಹಿಂದಿನ ಎರಡೇ ಕಾಲಲ್ಲಿ ನಡೆದು ಬಂತು. ಅದರ ಬಾಲದ ಮೇಲೆ ಮರಿ ಕವುಚಿ ಮಲಗಿತ್ತು. ಎರಡೂ ಹುತ್ತದ ಬುಡದ ಬಿಲದೊಳಗೆ ಇಳಿದವು.

ಗೊರಾತಾಳಿಗೆ ಎಲ್ಲ ಅರ್ಥವಾಯಿತು. ಚಿಪ್ಪುಹಂದಿ ಕಂಡರೆ ಹಿಡಿದು ಬಲಿಗೆಂದು ಮುಖಂಡನ ಮುಂದಿಡಬೇಕು, ಇಟ್ಟರೆ ಮಳೆ ಬರುತ್ತದೆ ಎಂಬುದು ಹಿರಿಯರ ಪದ್ಧತಿ. ಈ ವರ್ಷ ಮಳೆ ಬೇರೆ ತಡವಾಗಿದೆ. ಹೆಜ್ಜೆ ಕಂಡ ಯಾರೇ ಆಗಲಿ, ಭಕ್ತಿಯಿಂದಲೇ ಹೊತ್ತು ತಂದು ಮಾವನಿಗೆ ಒಪ್ಪಿಸುತ್ತಿದ್ದರು. ಪ್ರಾಣಿಯೂ ಉಳಿಯುತ್ತಿರಲಿಲ್ಲ, ಗುತ್ತಿಗೆಯೂ ಉಳಿಯುತ್ತಿರಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸಾಕಿದ ಮಾವನ ಹತ್ರ ನೀನು ಮುಚ್ಚಿಡ್ಬೇಕಿತ್ತು. ಆ ಪಾಪ ನಂಗೇ ಇರ್ಲಿ ಅಂದ್ಕೊಂಡೆ."

ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಮೊಸೆಕಿ ತಮ್ಮ ಮಡಚುವ ಕುರ್ಚಿಯ ಸಮೇತ ಇಳಿದು, ನೆರಳಲ್ಲಿ ಹಾಕಿ ಕೂತರು.

"ಏನಪ್ಪಾ, ಕಾಡು ಗುಡಿಸ್ತಿದ್ದೀಯ? ನಿಮ್ಮನೇಲಿ ಅಂಗಳ ಇಲ್ವಾ?"

ಏನೋ ಒಂದು ಸುಳ್ಳು ಹೇಳಿಬಿಡಲೇ... ಎಂದುಕೊಂಡಳು ಗೊರಾತಾ. ಆದರೆ ಮಾವನ ಮುಖ ನೋಡಿ ಅವಳು ಎಂದೂ ಸುಳ್ಳು ಹೇಳಿದವಳಲ್ಲ.

"ತಪ್ಪು ನಂದು, ಮಾವ. ಇವನು ಕಳ್ಳ ಅಲ್ಲ. ಆ ಬಿಲದಲ್ಲಿ ಚಿಪ್ಪುಹಂದಿ ಇದೆ, ಮರಿನೂ ಇದೆ. ನಿಮಗೆ ಸಲ್ಲಬೇಕಾದ್ದು... ನಾವು ಕೊಡಲ್ಲ."

ಮೊಸೆಕಿ ಬಿಲವನ್ನು ನೋಡಿದರು, ಮೋಡವಿಲ್ಲದ ಆಕಾಶವನ್ನು ನೋಡಿದರು.

"ತಂದುಕೊಟ್ಟವನಿಗೆ, ಮುಖಂಡನಾಗಿದ್ದ ನಮ್ಮಪ್ಪ ಹಸು ಕೊಡ್ತಿದ್ದ," ಎಂದರು ಕೊನೆಗೆ. "ತಂದುಕೊಡದೇ ಇರೋನಿಗೆ ಏನು ಕೊಡ್ಬೇಕು ಅಂತ ನಂಗೆ ಯಾರೂ ಹೇಳ್ಕೊಟ್ಟಿಲ್ಲ."

ಅವರು ಎದ್ದು ಕುರ್ಚಿ ಮಡಚಿದರು. ಒಟೆಂಗ್‌ನ ಕೈಯಿಂದ ಕೊಂಬೆ ತೆಗೆದುಕೊಂಡು, ತಮ್ಮ ಬೂಟಿನ ಗುರುತುಗಳನ್ನು ತಾವೇ ಅಳಿಸುತ್ತಾ ಜೀಪಿನತ್ತ ಹಿಮ್ಮುಖವಾಗಿ ನಡೆದರು.

ಗೊರಾತಾ ಕಣ್ಣೊರೆಸಿಕೊಂಡಳು.

"ನಿನ್ನ ಕಳ್ಳ ಅಂದುಬಿಟ್ಟೆ... ಬೇಜಾರಾಯ್ತಾ?"

"ಆಯ್ತು. ನೀನು ಅಂದಿದ್ದಕ್ಕೇ ಜಾಸ್ತಿ ಆಯ್ತು."

"ಹಾಗಾದ್ರೆ ನಿನ್ನ ಸೋದರಮಾವಂದಿರನ್ನ ನಮ್ಮನೆಗೆ ಕಳಿಸು. ಹೆಣ್ಣು ಕೇಳೋಕೆ."

ಅವನು ಅವಳನ್ನೇ ನೋಡುತ್ತಾ ನಿಂತ. "ನಿಜವಾಗ್ಲೂ?"

"ನಿಜವಾಗ್ಲೂ. ಅವರು ಬಂದ ಹೆಜ್ಜೆ ಮಾತ್ರ ಗುಡಿಸ್ಬೇಡ. ಊರೆಲ್ಲಾ ನೋಡ್ಲಿ."