ಸಾರ್ವಜನಿಕರು ಒಬ್ಬರು

“ಅಮ್ಮಾ, ಮೀಟಿಂಗ್ ನಾಲ್ಕು ಗಂಟೆಗೆ ಅಲ್ವಾ? ಈಗಿನ್ನೂ ಮೂರೂವರೆ. ಏನೇನಾಯ್ತು ಅಂತ ಆಗ್ಲೇ ಟೈಪ್ ಮಾಡಿಬಿಟ್ಟಿದ್ದೀಯಲ್ಲ!”

ಅಮ್ಮ ಊರಿನ ಆಡಳಿತ ಮಂಡಳಿಯ ಕಚೇರಿಯಲ್ಲಿ ಟೈಪಿಸ್ಟ್. ಶಾಲೆ ಬಿಟ್ಟಮೇಲೆ ಮಗಳು ಅಲ್ಲಿಗೇ ಬಂದು ಹೋಮ್‌ವರ್ಕ್ ಮಾಡುತ್ತಿದ್ದಳು. ಪ್ರಶ್ನೆ ಕೇಳದೆ ಬಾಯಿ ಸುಮ್ಮನಿರುತ್ತಿರಲಿಲ್ಲವಾದ್ದರಿಂದ ಕಚೇರಿಯವರು ಅವಳಿಗೆ ‘ಕ್ವೆಶ್ಚನ್ ಪೇಪರ್’ ಎಂದು ಹೆಸರಿಟ್ಟಿದ್ದರು.

“ಪ್ರತಿ ಸಲ ಇಷ್ಟೇ ಕಣೇ. ತಾರೀಖು, ವಿಷಯ ಮಾತ್ರ ಬದಲಾಯಿಸ್ತೀನಿ,” ಎಂದಳು ಅಮ್ಮ.

ಕ್ವೆಶ್ಚನ್ ಪೇಪರ್ ಹಾಳೆ ಎತ್ತಿ ಓದಿದಳು. ‘ಶಾಲೆಯ ಎದುರಿನ ಆಟದ ಬಯಲನ್ನು ಸದಸ್ಯರ ಕಾರು ನಿಲ್ಲಿಸಲು ಬಳಸುವ ಬಗ್ಗೆ ದೀರ್ಘವಾಗಿ ಚರ್ಚಿಸಿ ಒಪ್ಪಲಾಯಿತು. ಸಾರ್ವಜನಿಕರು ಯಾರೂ ಬಂದಿರಲಿಲ್ಲ. ಆಕ್ಷೇಪಣೆ ಇಲ್ಲ.’

ಅದು ಶಾಲೆಯ ಮಕ್ಕಳೆಲ್ಲ ಆಡುವ ಬಯಲು! ಅವಳು ಸೈಕಲ್ ಕಲಿತದ್ದು ಅಲ್ಲಿ, ಬಿದ್ದು ಮೊಣಕಾಲು ತರಚಿಕೊಂಡದ್ದೂ ಅಲ್ಲೇ.

“ಜನ ಯಾಕಮ್ಮ ಬರಲ್ಲ?”

“ನೋಟಿಸ್ ನೋಡಿದ್ರೆ ತಾನೆ ಬರೋದು?”

ನೋಟಿಸನ್ನು ಸಭೆಯ ಕೋಣೆಯ ಬಾಗಿಲಿಗೆ ಅಂಟಿಸಿದ್ದರು, ಒಳಬದಿಗೆ. ಬಾಗಿಲು ತೆರೆದರೆ ಅದು ಗೋಡೆಗೆ ಮುಖ ಮಾಡಿಕೊಳ್ಳುತ್ತಿತ್ತು. ಮುಚ್ಚಿದರೆ ಒಳಗಿದ್ದವರಿಗೆ ಮಾತ್ರ ಕಾಣುತ್ತಿತ್ತು. ಹುಡುಗಿ ಒಳಗೆ ಹೋಗಿ, ಬಾಗಿಲು ಮುಚ್ಚಿ, ಕೊನೆಯ ಸಾಲಿನವರೆಗೂ ಓದಿದಳು.

ಮೂಲೆಯಲ್ಲಿ ‘ಸಾರ್ವಜನಿಕರಿಗೆ’ ಎಂದು ಬರೆದ ಒಂದೇ ಒಂದು ಕುರ್ಚಿ ಇತ್ತು. ಅದರ ಮೇಲೆ ಅಧ್ಯಕ್ಷರ ಊಟದ ಡಬ್ಬಿ ಆರಾಮಾಗಿ ಕೂತಿತ್ತು. ಅವಳು ಡಬ್ಬಿಯನ್ನು ಕೆಳಗಿಟ್ಟು ತಾನು ಕೂತಳು.

ನಾಲ್ಕಕ್ಕೆ ಸದಸ್ಯರು ಬಂದರು, ಟೀ ಬಂತು, ಹಾಳೆ ಹಿಡಿದು ಬಂದ ಅಮ್ಮ ಬಾಗಿಲು ಮುಚ್ಚಿದಳು. ಮಂಡಳಿಯ ದೀರ್ಘ ಚರ್ಚೆ ಟೀ ಆರುವ ಮೊದಲೇ ಮುಗಿಯುತ್ತಿತ್ತು.

ಅಧ್ಯಕ್ಷರು ಡಬ್ಬಿ ಹುಡುಕುತ್ತಾ ಮೂಲೆಯತ್ತ ನೋಡಿದರು. “ಯಾರಮ್ಮ ನೀನು?”

“ಸಾರ್ವಜನಿಕರು, ಸಾರ್.”

ಯಾರೋ ಕಿಸಕ್ಕನೆ ನಕ್ಕರು. “ಹೋಗಮ್ಮ, ಹೊರಗೆ ಆಟ ಆಡ್ಕೊ,” ಎಂದರು ಅಧ್ಯಕ್ಷರು.

“ಆಡೋ ಜಾಗದಲ್ಲಿ ನೀವು ಕಾರ್ ನಿಲ್ಲಿಸ್ತೀರಲ್ಲ ಸಾರ್! ನಂಗೆ ಆಕ್ಷೇಪಣೆ ಇದೆ. ಒಬ್ಬರು ಬೇಡ ಅಂದ್ರೂ ಆ ವಿಷಯ ಮುಂದಿನ ಮೀಟಿಂಗ್‌ಗೆ ಹಾಕ್ಬೇಕು ಅಂತ ಬಾಗಿಲ ಮೇಲೆ ನೀವೇ ಬರೆದಿದ್ದೀರ.”

ಎಲ್ಲರೂ ಬಾಗಿಲಿನತ್ತ ತಿರುಗಿದರು. ಇಬ್ಬರು ಕನ್ನಡಕ ಹಾಕಿಕೊಂಡು ಎದ್ದು ಅದರ ಹತ್ತಿರಕ್ಕೇ ಹೋಗಿ ಓದಿದರು. ಅದನ್ನು ಅವರೂ ಓದಿದ್ದು ಅವತ್ತೇ ಮೊದಲು.

“ಮಗು ಲೆಕ್ಕಕ್ಕಿಲ್ಲ,” ಎಂದರು ಅಧ್ಯಕ್ಷರು ಮುಖ ಗಂಟಿಕ್ಕಿ. “ಟೈಪಿಸ್ಟಮ್ಮ, ಆ ಹಾಳೆ ಕೊಡಿ, ಸೈನ್ ಹಾಕ್ತೀನಿ. ನಾಳೆಯಿಂದ ಕೆಲಸಕ್ಕೆ ಬರೋ ಆಸೆ ಇದೆ ತಾನೆ?”

ಕ್ವೆಶ್ಚನ್ ಪೇಪರ್‌ಗೆ ಅಳು ಬಂದಂತಾಯಿತು. ಅಮ್ಮನ ಕೆಲಸದ ಯೋಚನೆ ಅವಳಿಗೆ ಬಂದೇ ಇರಲಿಲ್ಲ.

ಅಮ್ಮ ಹಾಳೆಯನ್ನು ನೋಡಿದಳು. ಆಮೇಲೆ ಪೆನ್ನು ತೆಗೆದು ‘ಯಾರೂ ಬಂದಿರಲಿಲ್ಲ. ಆಕ್ಷೇಪಣೆ ಇಲ್ಲ’ ಎಂಬುದನ್ನು ಹೊಡೆದುಹಾಕಿ, ಮೇಲೆ ಬರೆದಳು: ‘ಒಬ್ಬರು ಬಂದಿದ್ದರು. ಆಕ್ಷೇಪಣೆ ಇದೆ.’

“ಬಂದಿದ್ದಾಳಲ್ಲ ಸಾರ್,” ಎಂದಳು ಮೆಲ್ಲಗೆ.

ಎದ್ದುಹೋದ ಇಬ್ಬರು ಇನ್ನೂ ಬಾಗಿಲ ಬಳಿಯೇ ನಿಂತಿದ್ದರು. “ನಿಯಮ ಹಾಗೇ ಇದೆ, ಅಧ್ಯಕ್ಷರೇ,” ಎಂದರು ಒಬ್ಬರು. ಬಯಲಿನ ವಿಷಯ ಮುಂದಿನ ಮೀಟಿಂಗ್‌ಗೆ ಹೋಯಿತು. ಅಷ್ಟರಲ್ಲಿ ಎಲ್ಲರ ಟೀ ಆರಿತ್ತು.

ಹೊರಡುವಾಗ ಅಮ್ಮ ನೋಟಿಸನ್ನು ಕಿತ್ತು ತಂದು ಬೀದಿಯ ಗೇಟಿಗೆ ಅಂಟಿಸಿದಳು.

ದಾರಿಯಲ್ಲಿ ಅಮ್ಮನ ಕೈ ಬೆವತು ತಣ್ಣಗಿತ್ತು. ‘ನಾಳೆ ನಿಂಗೆ ಬೈತಾರಾ?’ ಎಂಬ ಪ್ರಶ್ನೆ ಹುಡುಗಿಯ ನಾಲಿಗೆಯ ತುದಿಗೆ ಬಂತು.

ಅವಳು ಕೇಳಲಿಲ್ಲ. ಆ ಕೈಯನ್ನು ತನ್ನ ಎರಡೂ ಕೈಗಳಿಂದ ಹಿಡಿದುಕೊಂಡು ನಡೆದಳು.